ಮುಂದಿನ ಸಾಲು ಯಾರದು? ಮೈಸೂರಿನ ಒಂದು ಡ್ಯಾನ್ಸ್ ಫಿಟ್‌ನೆಸ್ ಬ್ಯಾಚಿನ ಪ್ರಕರಣ

ಹಿನ್ನೆಲೆ

ಮೈಸೂರಿನ ಒಂದು ಹಳೇ ಬಡಾವಣೆ. ಅಲ್ಲೊಂದು ಛತ್ರ. ಅದರ ಮೇಲಿನ ಮಹಡಿಯ ಹಾಲ್‌ನಲ್ಲಿ ಬೆಳಗ್ಗೆ 6.30ಕ್ಕೆ ಹೆಂಗಸರ ಡ್ಯಾನ್ಸ್ ಫಿಟ್‌ನೆಸ್ ಕ್ಲಾಸ್ ನಡೆಯುತ್ತಿತ್ತು. ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ. ಕೆಳಗೆ ಮುಹೂರ್ತ ಇದ್ದ ದಿನ ರಜ. ಕಾಲೇಜು ಮುಗಿಸಿದ ಹುಡುಗಿಯರಿಂದ ಹಿಡಿದು ಮೊಮ್ಮಕ್ಕಳನ್ನು ಕಂಡವರ ತನಕ ಎಲ್ಲ ವಯಸ್ಸಿನವರೂ ಬರುತ್ತಿದ್ದರು. ಟೀಚರ್ ಮೂವತ್ತರ ಆಸುಪಾಸಿನವರು, ಒಳ್ಳೆ ಹುಮ್ಮಸ್ಸಿನವರು.

ಇಂಥ ಕ್ಲಾಸ್ ನಡೆಸುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಬ್ಯಾಚ್ ಒಡೆಯುವ ಹಂತಕ್ಕೆ ಬಂದಾಗ ಟೀಚರ್ ಕರೆದರು. ಹೋಗಿ ಹಿಂದೆ ಕೂತು ನೋಡಿದೆ, ಜನರ ಜೊತೆ ಮಾತಾಡಿದೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಈ ಕ್ಲಾಸ್ ಜುಂಬಾ ಮಾದರಿಯದು. 1990ರ ದಶಕದಲ್ಲಿ ಕೊಲಂಬಿಯಾದ ನೃತ್ಯಗಾರ ಆಲ್ಬರ್ಟೊ ಪೆರೆಜ್ ಶುರು ಮಾಡಿದ ಪದ್ಧತಿ ಅದು. ಸಾಲ್ಸಾ, ಮೆರೆಂಗೆ, ಕುಂಬಿಯಾ ಅನ್ನುವ ಲ್ಯಾಟಿನ್ ಅಮೆರಿಕದ ಕುಣಿತಗಳ ತಾಳಗಳೇ ಅದರ ಮೂಲ. ನಮ್ಮ ಕಡೆ ಸಿನಿಮಾ ಹಾಡು, ತಮಟೆ ಏಟು ಎಲ್ಲ ಸೇರಿಕೊಂಡಿವೆ. ಇದರಲ್ಲಿ ಟೀಚರ್ ಹಾಡು ನಿಲ್ಲಿಸಿ ಹೆಜ್ಜೆ ವಿವರಿಸುವುದಿಲ್ಲ. ಅವರನ್ನು ನೋಡಿಕೊಂಡೇ ಕುಣಿಯಬೇಕು. ಹಾಗಾಗಿ ಎಲ್ಲಿ ನಿಂತಿದ್ದೀರಿ ಅನ್ನುವುದೇ ಇಲ್ಲಿ ಅರ್ಧ ಪಾಠ. ಈ ಬ್ಯಾಚಿನ ಜಗಳ ಶುರುವಾದದ್ದೂ ಅಲ್ಲಿಂದಲೇ.

ಏನಾಗಿತ್ತು

ಹಾಲ್‌ನ ಒಂದು ಗೋಡೆಗೆ 12 ಅಡಿ ಅಗಲದ ಕನ್ನಡಿ. ಅದರ ಮುಂದೆ ಐದಾರು ಜನ ಹಳಬರು ನಿಲ್ಲುತ್ತಿದ್ದರು. 6.15ಕ್ಕೇ ಬಂದ ಒಬ್ಬರು ಎಲ್ಲರ ಪರವಾಗಿ ನೆಲದ ಮೇಲೆ ನೀರಿನ ಬಾಟಲಿ, ಟವೆಲ್, ಸ್ಕೂಟರ್ ಕೀ ಇಟ್ಟುಬಿಡುತ್ತಿದ್ದರು. ಹೊಸಬರು ಯಾರಾದರೂ ಅಲ್ಲಿ ನಿಂತರೆ, "ಅದು ಅವ್ರ ಜಾಗ ಕಣಮ್ಮಾ, ಈಗ ಬರ್ತಾರೆ" ಅನ್ನುವ ಮಾತು. ಹೇಳುವ ಧಾಟಿ ಪ್ರೀತಿಯದ್ದೇ. ಆದರೂ ಹೊಸಬರು ಹಿಂದಕ್ಕೆ ಹೋಗಬೇಕಾಗುತ್ತಿತ್ತು.

ಹಿಂದಿನ ಸಾಲಿನ ಕಷ್ಟ ಹಿಂದೆ ನಿಂತವರಿಗೇ ಗೊತ್ತು. ಕುಣಿತದಲ್ಲಿ ಅರ್ಧ ಸುತ್ತು ತಿರುಗುವ ಹೆಜ್ಜೆ ಬರುತ್ತದಲ್ವಾ, ಆಗ ಎಲ್ಲರೂ ಕನ್ನಡಿಗೆ ಬೆನ್ನು ಹಾಕುತ್ತಾರೆ. ಆ ಕ್ಷಣಕ್ಕೆ ಹಿಂದಿನ ಸಾಲೇ ಮುಂದಿನ ಸಾಲು. ಅಲ್ಲಿ ನಿಂತ ಹೊಸಬರ ಎದುರಿಗೆ ನೋಡಿ ಅನುಸರಿಸಲು ಯಾರೂ ಇರುವುದಿಲ್ಲ, ಬರೀ ಗೋಡೆ. ಇಡೀ ಕ್ಲಾಸು ತಮ್ಮನ್ನೇ ನೋಡುತ್ತಿದೆ ಅನ್ನಿಸುತ್ತದೆ. ಹೆಜ್ಜೆ ತಪ್ಪಿದರೆ ಪಕ್ಕದವರ ಮೇಲೆ ಬೀಳುತ್ತಾರೆ.

ಆದದ್ದೂ ಹಾಗೇ. ಹೊಸದಾಗಿ ಸೇರಿದ ಒಬ್ಬ ಹುಡುಗಿ, ಕಾಲು ಹಿಂದಿಟ್ಟು ಪಕ್ಕಕ್ಕೆ ಸರಿಯುವ ಹೆಜ್ಜೆಯಲ್ಲಿ, ಎಲ್ಲರೂ ಒಂದು ಕಡೆ ಹೋದರೆ ಇನ್ನೊಂದು ಕಡೆ ಹೋದಳು. ಅವಳ ಮೊಣಕೈ ಪಕ್ಕದ ಹಿರಿಯರೊಬ್ಬರ ಕನ್ನಡಕಕ್ಕೆ ತಾಗಿತು. ಕನ್ನಡಕದ ಕಡ್ಡಿ ಮುರಿಯಿತು. ಪುಣ್ಯಕ್ಕೆ ಕಣ್ಣಿಗೆ ಏನೂ ಆಗಲಿಲ್ಲ. ಹುಡುಗಿ ಅತ್ತೇಬಿಟ್ಟಳು. ಹಿರಿಯರು "ಹೋಗ್ಲಿ ಬಿಡಮ್ಮಾ" ಅಂದರು. ಆದರೆ ಮುಂದಿನ ಸಾಲಿನಿಂದ ಒಂದು ಮಾತು ಬಂತು: "ಬರದೇ ಇರೋರು ಮೊದ್ಲು ನೋಡಿ ಕಲೀಬೇಕು." ಮಾರನೇ ದಿನದಿಂದ ಹುಡುಗಿ ಬರಲಿಲ್ಲ. ಮಂಡಿ ನೋವು ಅಂತ ಮೆಸೇಜ್ ಹಾಕಿದಳು.

ಅದರ ಆಸುಪಾಸಿನ ಎರಡು ತಿಂಗಳಲ್ಲಿ ಇನ್ನೂ ಇಬ್ಬರು ಮಂಡಿ ನೋವಿನ ಕಾರಣ ಕೊಟ್ಟು ಬಿಟ್ಟಿದ್ದರು. ನಮ್ಮ ಜನ ಬಿಟ್ಟುಹೋಗುವಾಗ ಯಾರ ಮನಸ್ಸನ್ನೂ ನೋಯಿಸುವುದಿಲ್ಲ, ತಮ್ಮ ಮಂಡಿಯನ್ನೇ ಮುಂದೆ ಮಾಡುತ್ತಾರೆ. ಟೀಚರ್‌ಗಳು ಇದನ್ನು ಗಮನಿಸಬೇಕು. ಒಬ್ಬರ ನೋವು ನಿಜವೇ ಇರಬಹುದು. ಒಂದರ ಹಿಂದೆ ಒಂದು ಬಂದರೆ ಕೂತು ಯೋಚಿಸಬೇಕು.

ಇನ್ನು ತಡವಾಗಿ ಬರುವವರ ಕಥೆ. ಎಷ್ಟೋ ದಿನ ಐದಾರು ಜನ ಹತ್ತು ಹದಿನೈದು ನಿಮಿಷ ತಡ. ಹಾಡಿನ ಮಧ್ಯೆ ಸಾಲುಗಳನ್ನು ಸೀಳಿಕೊಂಡು ತಮ್ಮ ಜಾಗಕ್ಕೆ ಹೋಗುತ್ತಿದ್ದರು. ಅವರಿಗೆ ದಾರಿ ಬಿಡಲು ನಾಲ್ಕು ಜನರ ಹೆಜ್ಜೆ ತಪ್ಪುತ್ತಿತ್ತು. ಮೈ ಬಿಸಿಯಾಗುವ ಮೊದಲ ಹಾಡುಗಳು ತಪ್ಪಿದ ಮೇಲೆ ನೇರವಾಗಿ ಜಿಗಿಯುವ ಹಾಡಿಗೆ ಇಳಿದರೆ ಸ್ನಾಯು, ಕೀಲು ಎರಡಕ್ಕೂ ಪೆಟ್ಟು.

ಸಣ್ಣಪುಟ್ಟವೂ ಇದ್ದವು. ರಸ್ತೆಯಲ್ಲಿ ಹಾಕಿ ಬಂದ ಶೂನಲ್ಲೇ ಕುಣಿದು ಮೊಸಾಯಿಕ್ ನೆಲದ ತುಂಬ ಮರಳು. ಶುಕ್ರವಾರ ಮುಡಿದು ಬಂದ ಮಲ್ಲಿಗೆ ಉದುರಿ, ತುಳಿದು, ನೆಲ ಜಾರುತ್ತಿತ್ತು. ನಾನು ನೋಡಲು ಹೋದ ದಿನವೇ ಒಬ್ಬರು ಹಾಗೆ ಜಾರಿ ಕಂಬ ಹಿಡಿದುಕೊಂಡರು. ಹೂವು ಬೇಡ ಅನ್ನಲು ಟೀಚರ್‌ಗೆ ಬಾಯಿ ಬರುತ್ತಿರಲಿಲ್ಲ. ಕೊನೆಗೆ ಬಾಗಿಲ ಹತ್ತಿರ ಒಂದು ಸ್ಟೀಲ್ ತಟ್ಟೆ ಇಟ್ಟರು. ಹೂವು, ಉದ್ದ ಸರ, ಗಾಜಿನ ಬಳೆ ಅದರಲ್ಲಿಟ್ಟು, ಹೋಗುವಾಗ ತೆಗೆದುಕೊಳ್ಳುವುದು. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಮೊದಲು ಮಾಡಿ ನೋಡಿದ್ದು

ಟೀಚರ್ ಮೊದಲು ರಾತ್ರಿ ವಾಟ್ಸಾಪ್ ಗ್ರೂಪಿಗೆ ಒಂದು ಉದ್ದ ಮೆಸೇಜ್ ಹಾಕಿದರು. "ಕೆಲವರು ಜಾಗ ಹಿಡಿದಿಡುತ್ತಿದ್ದೀರಿ, ಕೆಲವರು ತಡವಾಗಿ ಬರುತ್ತಿದ್ದೀರಿ, ದಯವಿಟ್ಟು" ಅಂತ. ಯಾರಿಗೆ ಹೇಳಬೇಕಿತ್ತೋ ಅವರು ತಮಗಲ್ಲ ಅಂದುಕೊಂಡರು. ಯಾವತ್ತೂ ತಪ್ಪು ಮಾಡದ ಇಬ್ಬರು ತಮಗೇ ಹೇಳಿದ್ದು ಅಂತ ಫೋನ್ ಮಾಡಿ ಅತ್ತರು. ಗ್ರೂಪಿನಲ್ಲಿ "ಕೆಲವರು" ಅನ್ನುವ ಪದ ಬಳಸಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಒಬ್ಬರಿಗೆ ಹೇಳಬೇಕಾದದ್ದನ್ನು ಆ ಒಬ್ಬರಿಗೇ, ಎದುರಿಗೆ, ಬೇರೆಯವರು ಇಲ್ಲದಾಗ ಹೇಳಬೇಕು.

ಆಮೇಲೆ ಹನ್ನೆರಡು ನಿಯಮ ಬರೆದು ಗೋಡೆಗೆ ಅಂಟಿಸಿದರು. ಒಂದು ವಾರ ಓದಿದರು. ಆಮೇಲೆ ಅದೂ ಗೋಡೆಯೇ ಆಯಿತು.

ಮೂರನೆಯದು ದಂಡ. ತಡವಾಗಿ ಬಂದವರು ಹುಂಡಿಗೆ 20 ರೂಪಾಯಿ ಹಾಕಬೇಕು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಕ್ಲಾಸ್‌ಗಳಲ್ಲಿ ಇದೇ ಉಪಾಯ ಹೂಡುತ್ತಾರೆ. ದಂಡ ಬಂದ ಮೇಲೆ ತಡವಾಗಿ ಬರುವವರು ಐದಾರರಿಂದ ಎಂಟಕ್ಕೆ ಏರಿದರು. ಮೊದಲು ತಲೆ ತಗ್ಗಿಸಿ ಬರುತ್ತಿದ್ದವರು ಈಗ ನೋಟು ಹಾಕಿ ನೇರ ಒಳಗೆ ನಡೆಯುತ್ತಿದ್ದರು. "ದುಡ್ಡು ಹಾಕಿದ್ದೀನಲ್ಲಾ ಟೀಚರ್" ಅಂತ ಒಬ್ಬರು ಅಂದೇಬಿಟ್ಟರು. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ ಒಂದು ಅಧ್ಯಯನ 2000ರಲ್ಲಿ ಪ್ರಕಟವಾಗಿದೆ. ಮಕ್ಕಳನ್ನು ಕರೆದುಕೊಂಡು ಹೋಗಲು ತಡವಾಗಿ ಬರುವ ಪೋಷಕರಿಗೆ ದಂಡ ಹಾಕಿದರು. ತಡ ಮಾಡುವವರು ಕಡಿಮೆಯಾಗುವ ಬದಲು ಜಾಸ್ತಿಯಾದರು. ದಂಡ ತೆಗೆದ ಮೇಲೂ ಅದು ಇಳಿಯಲಿಲ್ಲ. ಅಲ್ಲಿಯ ತನಕ ಸಂಕೋಚ ತಡೆಯುತ್ತಿತ್ತು. ದಂಡ ಬಂದ ಮೇಲೆ ಅದು ತಡವಾಗಿ ಬರುವುದಕ್ಕೆ ಕಟ್ಟುವ ಶುಲ್ಕದ ಹಾಗಾಯಿತು. ಮೈಸೂರಿನ ಈ ಹಾಲ್‌ನಲ್ಲೂ ನಡೆದದ್ದು ಅಷ್ಟೇ. ಒಂದು ತಿಂಗಳಿಗೆ ಹುಂಡಿ ತೆಗೆದರು. ತಡವಾಗಿ ಬರುವುದು ಹಾಗೇ ಉಳಿಯಿತು.

ಈ ನಡುವೆ ಒಬ್ಬ ಸದಸ್ಯೆ ಒಂದು ವಾದ ಎತ್ತಿದರು. "ಗೋಕುಲಂನಲ್ಲಿ ಯೋಗಕ್ಕೆ ಎಲ್ಲರೂ ಬೇರೆ ಬೇರೆ ಹೊತ್ತಿಗೆ ಬರ್ತಾರೆ. ಅಲ್ಲಿಲ್ಲದ ತೊಂದರೆ ಇಲ್ಲಿ ಯಾಕೆ?" ಒಳ್ಳೆಯ ಪ್ರಶ್ನೆ. ಗೋಕುಲಂ ಮೈಸೂರಿನದೇ ಬಡಾವಣೆ, ಅಷ್ಟಾಂಗ ಯೋಗ ಕಲಿಸುವುದಕ್ಕೆ ಹೆಸರಾದದ್ದು. ಕೆ. ಪಟ್ಟಾಭಿ ಜೋಯಿಸರು 1948ರಲ್ಲಿ ಮೈಸೂರಿನ ಲಕ್ಷ್ಮೀಪುರಂನಲ್ಲಿ ಶಾಲೆ ಶುರು ಮಾಡಿ ಬೆಳೆಸಿದ ಅಷ್ಟಾಂಗ ಯೋಗದಲ್ಲಿ, ಜಗತ್ತೆಲ್ಲ ಮೈಸೂರು ಶೈಲಿ ಎಂದು ಕರೆಯುವ ಕ್ರಮ ಅದು. ಪ್ರತಿಯೊಬ್ಬರೂ ತಮ್ಮ ಉಸಿರಿನ ಲೆಕ್ಕದಲ್ಲಿ ತಮ್ಮ ಆಸನಗಳನ್ನು ಮಾಡುತ್ತಾರೆ. ಗುರು ಒಬ್ಬೊಬ್ಬರ ಬಳಿ ಬಂದು ತಿದ್ದುತ್ತಾರೆ. ಅಲ್ಲಿ ಒಬ್ಬರ ಹೊತ್ತು ಇನ್ನೊಬ್ಬರಿಗೆ ಅಡ್ಡ ಬರುವುದಿಲ್ಲ. ಅದೇ ಪರಂಪರೆಯಲ್ಲಿ ಗುರು ಎಣಿಕೆ ಹೇಳಿ ಎಲ್ಲರಿಂದ ಒಟ್ಟಿಗೆ ಮಾಡಿಸುವ ಕ್ಲಾಸೂ ಇದೆ. ಅದಕ್ಕೆ ಎಲ್ಲರೂ ಒಟ್ಟಿಗೇ ಶುರು ಮಾಡಬೇಕು. ಡ್ಯಾನ್ಸ್ ಕ್ಲಾಸ್ ಈ ಎರಡನೇ ಜಾತಿಯದು. ಸದಸ್ಯೆಗೆ ಇದನ್ನು ಹೇಳಿದಾಗ ತಕ್ಷಣ ಒಪ್ಪಿದರು. ಶಿಸ್ತು ಎಂದರೆ ಒಪ್ಪದವರು, ಕಾರಣ ಹೇಳಿದರೆ ಒಪ್ಪುತ್ತಾರೆ.

ಅಳತೆ ಟೇಪು ಹಿಡಿದದ್ದು

ಇಲ್ಲಿಂದ ವಿಷಯ ತಿರುಗಿತು. ಒಂದು ದಿನ ಕ್ಲಾಸ್ ಮುಗಿದ ಮೇಲೆ ಟೀಚರ್ ಮತ್ತು ನಾನು ಹಾಲ್ ಅಳೆದೆವು. ಉದ್ದ 40 ಅಡಿ, ಅಗಲ 30 ಅಡಿ. ಟೀಚರ್ ನಿಲ್ಲಲು ಕನ್ನಡಿಯ ಮುಂದೆ 8 ಅಡಿ ಬೇಕು. ಉಳಿದದ್ದು 32 ಅಡಿ. ಎರಡೂ ಕೈ ಚಾಚಿ, ಒಂದು ಹೆಜ್ಜೆ ಆಚೆ ಈಚೆ ಸರಿಯುವ ಒಬ್ಬರಿಗೆ 6 ಅಡಿ ಉದ್ದ, 6 ಅಡಿ ಅಗಲ ಜಾಗ ಬೇಕು. ಐದು ಸಾಲು, ಸಾಲಿಗೆ ಐದು ಜನ. ಒಟ್ಟು 25.

ಬ್ಯಾಚಿನಲ್ಲಿ ಇದ್ದವರು 38 ಜನ. ದಿನಾ ಮೂವತ್ತರ ಮೇಲೆ ಬರುತ್ತಿದ್ದರು.

ಜಾಗ ಸಾಲದ ಕಡೆ ಜನ ಜಾಗ ಹಿಡಿಯುತ್ತಾರೆ. ಬಸ್ಸಿನ ಸೀಟಿಗೆ ಕರ್ಚೀಫ್ ಹಾಕಿದ ಹಾಗೆ. ಬಾಟಲಿ ಇಟ್ಟವರನ್ನು ಸ್ವಾರ್ಥಿಗಳು ಅಂತ ಬೈಯುವ ಮೊದಲು, 25 ಜನರ ಜಾಗಕ್ಕೆ 38 ಜನರಿಂದ ಫೀಸ್ ತೆಗೆದುಕೊಂಡವರು ಯಾರು ಅಂತ ಕೇಳಬೇಕು. ಇದನ್ನು ಟೀಚರ್‌ಗೆ ಹೇಳುವುದು ಸುಲಭವಾಗಿರಲಿಲ್ಲ. ತಿಂಗಳಿಗೆ ತಲಾ 1000 ರೂಪಾಯಿ ಫೀಸ್. ಹದಿಮೂರು ಜನ ಕಡಿಮೆಯಾದರೆ 13,000 ರೂಪಾಯಿ ಹೋಗುತ್ತದೆ. ಹಾಲ್ ಬಾಡಿಗೆ ಅಷ್ಟೇ ಇರುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಜನ ಜಾಸ್ತಿ ಆದಷ್ಟೂ ಕ್ಲಾಸ್ ಚೆನ್ನಾಗಿ ನಡೀತಿದೆ ಅಂದ್ಕೊಂಡಿದ್ದೆ" ಅಂದರು.

ಆ ವಾರವೇ ಇನ್ನೊಂದು ಸಂಗತಿ ಸಿಕ್ಕಿತು. ಯಾರು ಯಾವ ದಿನ ತಡವಾಗಿ ಬರುತ್ತಾರೆ ಅಂತ ಟೀಚರ್ ಹಾಜರಿ ಪುಸ್ತಕದಲ್ಲಿ ಗುರುತು ಹಾಕಲು ಶುರು ಮಾಡಿದ್ದರು. ನೋಡಿದರೆ ಅದೇ ಐದಾರು ಮನೆಯವರು, ಅದೂ ಒಂದು ದಿನ ಬಿಟ್ಟು ಒಂದು ದಿನ. ಕೇಳಿದಾಗ ಗೊತ್ತಾಯಿತು: ಅವರ ಬೀದಿಗೆ ನೀರು ಬಿಡುವ ದಿನಗಳು ಅವು. ಬೆಳಗ್ಗೆ ಆರರ ಆಸುಪಾಸಿಗೆ ನಲ್ಲಿ ಬರುತ್ತದೆ, ಸಂಪು ತುಂಬುವ ತನಕ ಮನೆ ಬಿಡುವ ಹಾಗಿಲ್ಲ. ಅವರನ್ನು ಸೋಮಾರಿಗಳು ಅಂತ ಇಡೀ ಬ್ಯಾಚ್ ಅಂದುಕೊಂಡಿತ್ತು. ಅವರೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಹೀಗಾಗಿ ತೀರ್ಮಾನ ಒಂದೇ ಆಯಿತು, ಎರಡು ಬ್ಯಾಚ್. ಮೊದಲನೆಯದು 6ರಿಂದ 6.50. ಎರಡನೆಯದು 7ರಿಂದ 7.50. ಬ್ಯಾಚಿಗೆ 25ರ ಮೇಲೆ ಒಬ್ಬರೂ ಇಲ್ಲ. ಮಕ್ಕಳ ಸ್ಕೂಲ್ ವ್ಯಾನಿಗೆ ಡಬ್ಬಿ ಕಟ್ಟಬೇಕಾದವರು ಮೊದಲನೆಯದಕ್ಕೆ, ನೀರಿನ ಮನೆಯವರು ಎರಡನೆಯದಕ್ಕೆ. ಅಲ್ಲಿಗೆ ತಡವಾಗಿ ಬರುವುದು ಮುಕ್ಕಾಲು ಪಾಲು ತಾನಾಗಿಯೇ ನಿಂತಿತು.

ಉಳಿದ ಕಾಲು ಪಾಲಿಗೆ ಒಂದು ಕ್ರಮ ಮಾಡಿದರು. ತಡವಾಗಿ ಬಂದವರು ಹಾಡು ಮುಗಿಯುವ ತನಕ ಹೊರಗಿನ ಪಡಸಾಲೆಯಲ್ಲಿ ನಡೆಯುತ್ತ, ನಿಂತಲ್ಲೇ ಹೆಜ್ಜೆ ಹಾಕುತ್ತ ಮೈ ಬಿಸಿ ಮಾಡಿಕೊಳ್ಳುವುದು. ಹಾಡು ನಿಂತ ಮೇಲೆ ಒಳಗೆ ಬಂದು ಬಾಗಿಲ ಹತ್ತಿರದ ಜಾಗದಲ್ಲೇ ನಿಲ್ಲುವುದು. ಬೇಗ ಹೋಗಬೇಕಾದವರೂ ಬಾಗಿಲ ಹತ್ತಿರವೇ. ಜೋರಾಗಿ ಕುಣಿದು ಥಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತುತ್ತದೆ. ಅದಕ್ಕೇ ಮೆಟ್ಟಿಲು ಇಳಿಯುವ ಮೊದಲು ಪಡಸಾಲೆಯಲ್ಲಿ ಮೂರ್ನಾಲ್ಕು ನಿಮಿಷ ನಿಧಾನವಾಗಿ ನಡೆದು ಹೋಗಿ ಅಂತ ಟೀಚರ್ ಹೇಳಿದರು. ದಂಡವೂ ಇಲ್ಲ, ಬೈಗುಳವೂ ಇಲ್ಲ.

ಕನ್ನಡಿ ಮುಂದಿನವರ ಜೊತೆ ಮಾತು

ಬ್ಯಾಚ್ ಎರಡಾದರೂ ಮುಂದಿನ ಸಾಲಿನ ವಿಷಯ ಉಳಿದಿತ್ತು. ಬಾಟಲಿ ಇಡುತ್ತಿದ್ದ ಹಿರಿಯ ಸದಸ್ಯೆಯ ಜೊತೆ ಟೀಚರ್ ಒಬ್ಬರೇ ಕೂತು ಮಾತಾಡಿದರು. ಬೈಯಲಿಲ್ಲ. ಕೇಳಿದರು.

"ಆಂಟಿ, ಅಲ್ಲೇ ನಿಲ್ಬೇಕು ಅಂತ ಯಾಕೆ?"

"ನಂಗೆ ಭುಜ ಹಿಡ್ಕೊಂಡಿತ್ತಲ್ಲಮ್ಮಾ. ಕನ್ನಡಿ ಇಲ್ದಿದ್ರೆ ಎಡಗೈ ಪೂರ್ತಿ ಮೇಲೆ ಹೋಯ್ತೋ ಇಲ್ವೋ ಗೊತ್ತಾಗಲ್ಲ. ಫಿಸಿಯೋ ಹತ್ರ ಹೋದಾಗ ಕನ್ನಡಿ ನೋಡ್ಕೊಂಡೇ ಮಾಡಿ ಅಂದಿದ್ರು."

ಅವರನ್ನು ಜಂಬದವರು ಅಂತ ಎಷ್ಟು ಜನ ಅಂದುಕೊಂಡಿದ್ದರೋ! ಕೈ ಎತ್ತುವ ಹಾಡುಗಳು ಮೊದಲ ಹತ್ತು ನಿಮಿಷದಲ್ಲೇ ಮುಗಿಯುತ್ತವೆ. ಅಷ್ಟು ಹೊತ್ತು ಅವರಿಗೆ ಕನ್ನಡಿ ಇರಲಿ ಅಂತ ಒಪ್ಪಂದವಾಯಿತು. ಆಮೇಲೆ ಟೀಚರ್ ಒಂದು ಸಹಾಯ ಕೇಳಿದರು. "ತಿರುಗಿದಾಗ ಹಿಂದಿನ ಸಾಲೇ ಮುಂದೆ ಬರುತ್ತೆ ಆಂಟಿ. ಅಲ್ಲಿ ಹೊಸಬರಿಗೆ ನೋಡ್ಕೊಳ್ಳೋಕೆ ಯಾರೂ ಇಲ್ಲ. ನಿಮಗೆ ಎಲ್ಲಾ ಹೆಜ್ಜೆ ಬಾಯಿಪಾಠ. ನೀವು ಆ ತುದೀಲಿ ನಿಂತ್ರೆ ಅವ್ರು ನಿಮ್ಮನ್ನ ನೋಡ್ಕೊಂಡು ಮಾಡ್ತಾರೆ."

ಇದು ಸಮಾಧಾನಕ್ಕೆ ಹೇಳಿದ ಮಾತಾಗಿರಲಿಲ್ಲ, ಆ ಕೆಲಸ ನಿಜವಾಗಿಯೂ ಬೇಕಿತ್ತು. ಈಗ ಚೆನ್ನಾಗಿ ಬರುವವರು ಎರಡೂ ತುದಿಗಳಲ್ಲಿ, ಹೊಸಬರು ನಡುವಿನ ಸಾಲುಗಳಲ್ಲಿ. ಎರಡು ಹಾಡಿಗೊಮ್ಮೆ ಸಾಲುಗಳು ಬದಲಾಗುತ್ತವೆ, ಆದರೆ ಹೊಸಬರು ಮೊದಲ ತಿಂಗಳು ನಡುವೆಯೇ ಇರುತ್ತಾರೆ. ಒಬ್ಬರ ನೇರ ಹಿಂದೆ ನಿಲ್ಲದೆ, ಮುಂದಿನ ಇಬ್ಬರ ನಡುವಿನ ಸಂದಿಯಲ್ಲಿ ನಿಲ್ಲುವುದನ್ನು ಟೀಚರ್ ಮೊದಲ ದಿನವೇ ತೋರಿಸುತ್ತಾರೆ. ಆಗ ಎಲ್ಲರಿಗೂ ಟೀಚರ್ ಕಾಣುತ್ತಾರೆ.

ಒಂದು ಮಾತನ್ನು ಮಾತ್ರ ಆ ಹಿರಿಯರಿಗೆ ಸ್ಪಷ್ಟವಾಗಿ ಹೇಳಬೇಕಾಯಿತು. ಕುಣಿಯುವಾಗ ಪಕ್ಕದವರನ್ನು ತಿದ್ದುವ ಅಭ್ಯಾಸ ಅವರಿಗಿತ್ತು. "ಹಾಗಲ್ಲ ಕಣಮ್ಮಾ, ಕೈ ಮೇಲೆ, ಮೇಲೆ!" ಒಳ್ಳೆಯ ಮನಸ್ಸಿನಿಂದಲೇ. ಆದರೆ ಕೇಳಿಸಿಕೊಂಡವರು ಎಲ್ಲರ ಎದುರು ಸಣ್ಣವರಾಗುತ್ತಾರೆ. ಅದೂ ಅಲ್ಲದೆ ಕೆಲವರು ಭುಜ ನೋವಿಗೆ, ಸೊಂಟ ನೋವಿಗೆ ಬೇಕೆಂದೇ ಕೈ ಕೆಳಗೆ ಇಟ್ಟುಕೊಂಡಿರುತ್ತಾರೆ. ತಿದ್ದುವುದು ಟೀಚರ್ ಕೆಲಸ. ಅವರ ಭುಜದ ಉದಾಹರಣೆಯನ್ನೇ ಕೊಟ್ಟಾಗ ಅವರಿಗೆ ಅರ್ಥವಾಯಿತು.

ಟೀಚರ್ ಕಡೆಯ ಒಂದು ತಿದ್ದುಪಡಿಯೂ ಆಯಿತು. ಅವರು ನಮ್ಮ ಕಡೆ ಮುಖ ಮಾಡಿ ಕುಣಿಯುತ್ತ "ಬಲಕ್ಕೆ" ಅನ್ನುತ್ತಿದ್ದರು. ಅವರ ಬಲ ನಮ್ಮ ಎಡ. ಹಳಬರಿಗೆ ರೂಢಿ, ಹೊಸಬರಿಗೆ ಗೊಂದಲ. ಆ ಹುಡುಗಿಯ ಮೊಣಕೈ ಕನ್ನಡಕಕ್ಕೆ ತಾಗಿದ್ದರ ಹಿಂದೆ ಇದೂ ಇತ್ತು. ಈಗ ಎಡ ಬಲ ಅನ್ನುವುದೇ ಇಲ್ಲ. "ಕಿಟಕಿ ಕಡೆ", "ಮೆಟ್ಟಿಲ ಕಡೆ" ಅನ್ನುತ್ತಾರೆ. ಅದೂ ಹೆಜ್ಜೆ ಬದಲಾಗುವ ನಾಲ್ಕು ಎಣಿಕೆ ಮೊದಲೇ, ಕೈ ತೋರಿಸಿ. ಡಿಕ್ಕಿ ತೀರಾ ಕಡಿಮೆಯಾದವು.

ವಿಡಿಯೋ

ಇದು ಎಲ್ಲಕ್ಕಿಂತ ಭಾರವಾದ ಭಾಗ. ಇದು ಪೂರ್ತಿ ಸರಿಯಾಗಲಿಲ್ಲ.

ಇದಕ್ಕೆಲ್ಲ ಮೊದಲು, ನವರಾತ್ರಿಯಲ್ಲಿ, ದಿನಕ್ಕೊಂದು ಬಣ್ಣದ ಬಟ್ಟೆ ಹಾಕಿ ಬರುವುದು ಅಂತಾಗಿತ್ತು. ಒಂದು ದಿನ ಎಲ್ಲರೂ ಹಸಿರು. ಸಂಭ್ರಮದಲ್ಲಿ ಒಬ್ಬರು ಒಂದು ಹಾಡನ್ನು ಪೂರ್ತಿ ವಿಡಿಯೋ ಮಾಡಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದರು. ಇನ್ನೂ ನಾಲ್ಕು ಜನ ಅದನ್ನೇ ಹಾಕಿದರು. ಎರಡನೇ ಸಾಲಿನಲ್ಲಿ ಒಬ್ಬ ಸೊಸೆ ಇದ್ದಳು. ಮನೆಯಲ್ಲಿ ಯೋಗ ಕ್ಲಾಸ್ ಅಂತ ಹೇಳಿ ಬರುತ್ತಿದ್ದಳು. ಮಂಡ್ಯದ ಕಡೆಯ ನೆಂಟರೊಬ್ಬರು ಆ ಸ್ಟೇಟಸ್ ನೋಡಿ ಅತ್ತೆಗೆ ಕಳಿಸಿದರು. ಆಮೇಲೆ ಆ ಮನೆಯಲ್ಲಿ ಏನಾಯಿತು ಅಂತ ನಾನು ಬರೆಯುವುದಿಲ್ಲ. ಅವಳು ಕ್ಲಾಸ್ ಬಿಟ್ಟಳು. ಮಂಡಿ ನೋವು ಅಂದ ಮೂವರಲ್ಲಿ ಅವಳೂ ಒಬ್ಬಳು.

ಅವಳು ಮನೆಯಲ್ಲಿ ನಿಜ ಹೇಳಬೇಕಿತ್ತು ಅಂತ ಬ್ಯಾಚಿನಲ್ಲಿ ಕೆಲವರು ಅಂದರು. ನಾನು ಒಪ್ಪುವುದಿಲ್ಲ. ಯಾರ ಮನೆಯ ಪರಿಸ್ಥಿತಿ ಹೇಗಿರುತ್ತದೋ ನಮಗೇನು ಗೊತ್ತು? ಬೆವರು ಸುರಿಸಿಕೊಂಡು, ಮೈಮರೆತು ಕುಣಿಯುವುದಕ್ಕೆ ಬಂದವರು ಕ್ಯಾಮೆರಾ ಮುಂದೆ ನಿಲ್ಲಲು ಬಂದಿರುವುದಿಲ್ಲ. ಒಬ್ಬರನ್ನು ಅವರ ಒಪ್ಪಿಗೆ ಇಲ್ಲದೆ ತೋರಿಸುವ ಹಕ್ಕು ಪಕ್ಕದಲ್ಲಿ ಕುಣಿದವರಿಗೆ ಬರುವುದಿಲ್ಲ. ಅವರು ಸ್ನೇಹಿತರಾದರೂ ಅಷ್ಟೇ, ಟೀಚರ್ ಆದರೂ ಅಷ್ಟೇ.

ಈಗ ಕ್ಲಾಸ್ ನಡೆಯುವಾಗ ಫೋನ್‌ಗಳು ಬಾಗಿಲ ಹತ್ತಿರದ ಬುಟ್ಟಿಯಲ್ಲಿ ಇರುತ್ತವೆ. ತುರ್ತು ಕರೆ ಬರಬಹುದಾದವರು ಮೊದಲೇ ಹೇಳಿ, ಬಾಗಿಲ ಪಕ್ಕದಲ್ಲಿ ನಿಂತು, ಮಾತಾಡಬೇಕಾದರೆ ಹೊರಗೆ ಹೋಗುತ್ತಾರೆ. ವಿಡಿಯೋ ಬೇಕೆಂದರೆ ಕ್ಲಾಸ್ ಪೂರ್ತಿ ಮುಗಿದ ಮೇಲೆ. ಬೇಡ ಅನ್ನುವವರು ಕೈ ಎತ್ತಿ ಹೇಳಬೇಕಾಗಿಲ್ಲ, ಅದೂ ಒಂದು ಮುಜುಗರವೇ. ಬೇಕು ಅನ್ನುವವರು ಉಳಿಯುತ್ತಾರೆ, ಮಿಕ್ಕವರು ಮನೆಗೆ ಹೋಗುತ್ತಾರೆ. ಈ ಸಣ್ಣ ವ್ಯತ್ಯಾಸ ತುಂಬ ಮುಖ್ಯ.

ವಿಡಿಯೋ ಹಾಕಿದ ಸದಸ್ಯೆ ಆ ಸೊಸೆಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಟೀಚರ್ ಉಳಿದ ತಿಂಗಳುಗಳ ಫೀಸ್ ವಾಪಸ್ ಕೊಟ್ಟರು. ಅವಳು ತಿರುಗಿ ಬರಲಿಲ್ಲ.

ಆಮೇಲೆ

ಕನ್ನಡಕಕ್ಕೆ ಮೊಣಕೈ ತಾಗಿಸಿದ ಹುಡುಗಿಯನ್ನು ಟೀಚರ್ ಅಲ್ಲ, ಆ ಕನ್ನಡಕದವರೇ ಮನೆಗೆ ಹೋಗಿ ಕರೆದುಕೊಂಡು ಬಂದರು. ಈಗ ಮೂರನೇ ಸಾಲಿನಲ್ಲಿ ಕುಣಿಯುತ್ತಾಳೆ. ಮಂಡಿ ನೋವಿನ ಮೂರನೆಯವರಿಗೆ ನಿಜವಾಗಿಯೂ ಮಂಡಿ ನೋವಿತ್ತು. ದಪ್ಪ ಹಲ್ಲಿನ ಅಡಿ ಇರುವ ಓಡುವ ಶೂ ಹಾಕಿ ತಿರುಗುವ ಹೆಜ್ಜೆ ಹಾಕುತ್ತಿದ್ದರು. ಶೂ ನೆಲ ಕಚ್ಚಿ ಹಿಡಿದರೆ ಪಾದ ತಿರುಗುವುದಿಲ್ಲ, ಆ ತಿರುಚು ಮಂಡಿಗೆ ಬೀಳುತ್ತದೆ. ಈಗ ಹಾಲ್‌ಗೆ ಬೇರೆ ಶೂ, ಅಡಿ ನುಣುಪಾಗಿರುವುದು, ಅಂತ ಎಲ್ಲರಿಗೂ ಹೇಳುತ್ತಾರೆ. ನೆಲದ ಮೇಲಿನ ಮರಳಿನ ಕಾಟವೂ ಅದರಿಂದ ಹೋಯಿತು.

ಹಣದ ಲೆಕ್ಕ ಮೊದಲು ಕಷ್ಟವಾಯಿತು. ಎರಡನೇ ಬ್ಯಾಚ್ ತುಂಬುವ ತನಕ ಹೆಚ್ಚುವರಿ ಬಾಡಿಗೆಯನ್ನು ಟೀಚರ್ ಕೈಯಿಂದಲೇ ಕಟ್ಟಿದರು. ಈಗ ಮೊದಲ ಬ್ಯಾಚಿನಲ್ಲಿ 25, ಎರಡನೆಯದರಲ್ಲಿ 19 ಜನ ಇದ್ದಾರೆ. ಬಾಡಿಗೆ ಕಳೆದು ಮೊದಲಿಗಿಂತ ಸ್ವಲ್ಪ ಕಡಿಮೆಯೇ ಉಳಿಯುತ್ತದೆ, ಕೆಲಸ ಜಾಸ್ತಿ. ಹಾಗಿದ್ದರೂ ಅವರು ಹಿಂದಕ್ಕೆ ಹೋಗಲು ಒಪ್ಪುವುದಿಲ್ಲ. ಬೆಳಗ್ಗೆ ಪಂಚಾಯ್ತಿ ಮಾಡದೆ ಪಾಠ ಮಾಡಬಹುದಲ್ಲ ಅನ್ನುತ್ತಾರೆ. ಎರಡು ಬ್ಯಾಚ್ ನಡೆಸಲು ಆಗದವರಿಗೆ ನಾನು ಹೇಳುವುದು ಇಷ್ಟೇ: ಹಾಲ್ ಅಳೆಯಿರಿ, ಅಷ್ಟು ಜನಕ್ಕೆ ನಿಲ್ಲಿಸಿ, ಮಿಕ್ಕವರ ಹೆಸರು ಬರೆದಿಟ್ಟುಕೊಂಡು ಜಾಗ ಖಾಲಿಯಾದಾಗ ಕರೆಯಿರಿ.

ಬಗೆಹರಿಯದ ಒಂದು ವಿಷಯ ಇನ್ನೂ ಇದೆ. ಸ್ಕೂಲಿಗೆ ರಜೆ ಬಂದಾಗ ಕೆಲವರು ಮಕ್ಕಳನ್ನು ಜೊತೆಗೆ ಕರೆತರುತ್ತಾರೆ. ಮನೆಯಲ್ಲಿ ಬಿಟ್ಟು ಬರಲು ಯಾರೂ ಇರುವುದಿಲ್ಲ. ಮಕ್ಕಳು ಸಾಲುಗಳ ನಡುವೆ ಓಡುತ್ತಾರೆ. ಬೇಡ ಅಂದರೆ ಆ ತಾಯಂದಿರು ಕ್ಲಾಸ್ ಬಿಡಬೇಕಾಗುತ್ತದೆ. ಪಡಸಾಲೆಯಲ್ಲಿ ಮಕ್ಕಳನ್ನು ಕೂರಿಸಿ, ದಿನಕ್ಕೊಬ್ಬ ತಾಯಿ ಸರದಿಯಂತೆ ನೋಡಿಕೊಳ್ಳುವುದು ಅಂತ ಒಂದು ಯೋಚನೆ ಇದೆ. ಆ ದಿನದ ಕ್ಲಾಸನ್ನು ಅವರು ಇನ್ನೊಂದು ಬ್ಯಾಚಿನಲ್ಲಿ ಮಾಡಬಹುದು. ದಸರಾ ರಜೆ ಶುರುವಾಗುವುದರೊಳಗೆ ತಾಯಂದಿರನ್ನೆಲ್ಲ ಕೂರಿಸಿ ಕೇಳುತ್ತೇನೆ ಅಂತ ಟೀಚರ್ ಹೇಳಿದ್ದಾರೆ.